ಅವ್ವನ ಗಲ್ಲದ ಚುಕ್ಕೆಗಳು

ನಮ್ಮ ಸಂಘದಲ್ಲಿ ನನ್ನನ್ನು ಹೆಸರಿನಿಂದ ಬಲ್ಲವರು ಕಡಿಮೆ. "ಫೋಟೋ ಸರಿಮಾಡಿ ಕೊಡ್ತಾರಲ್ಲ, ಕಲೀನಾದವರು" ಎಂದರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ. ವಾಚಕ ಮಿತ್ರರಾದ ನಿಮ್ಮಲ್ಲೂ ಕೆಲವರು ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ಫೋಟೋ ಸುತ್ತಿಕೊಂಡು ನಮ್ಮ ಮನೆಯ ಬಾಗಿಲು ತಟ್ಟಿದವರೇ. ತಂದೆಯವರ ಶ್ರದ್ಧಾಂಜಲಿಗೆ ಒಂದು, ಮಾವನವರ ಷಷ್ಟ್ಯಬ್ದಿಯ ಆಮಂತ್ರಣಕ್ಕೆ ಒಂದು, ಊರಿನ ಮನೆಯ ಪಡಸಾಲೆಯಲ್ಲಿ ತೂಗುಹಾಕಲು ಅಜ್ಜನದೊಂದು. ಚಹಾ ಕುಡಿದು, ಊರಿನ ಸುದ್ದಿ ಹೇಳಿ, ಹೋಗುವಾಗ "ಅವಸರವೇನಿಲ್ಲ, ನಾಡಿದ್ದು ಬೆಳಿಗ್ಗೆ ಕೊಟ್ಟರೆ ಸಾಕು" ಎನ್ನುತ್ತೀರಿ.

ಈ ಕೆಲಸದ ಬಗ್ಗೆ ನಾಲ್ಕು ಪುಟ ಬರೆದುಕೊಡಿ ಎಂದು ಸಂಪಾದಕರು ಬಹಳ ದಿನಗಳಿಂದ ಬೆನ್ನು ಹತ್ತಿದ್ದರು. ಬರೆಯುವುದೇನು, ಹೇಗೆ ಮಾಡುತ್ತೇನೆಂದು ಹೇಳಿದರಾಯಿತು ಎಂದು ಒಪ್ಪಿಕೊಂಡೆ. ಬರೆಯಲು ಕುಳಿತಾಗ ಮಾತ್ರ ಉಳಿದೆಲ್ಲ ಫೋಟೋಗಳೂ ಹಿಂದೆ ಸರಿದು ಒಂದೇ ಒಂದು ಎದುರಿಗೆ ನಿಂತಿತು. ಅದರ ಕಥೆಯನ್ನೇ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ನನ್ನ ಕಸುಬಿನ ವಿಷಯ ಸ್ವಲ್ಪ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯಲಿಕ್ಕಿಲ್ಲ.

ನಾನು ಧಾರವಾಡದಿಂದ ಮುಂಬಯಿಗೆ ಬಂದದ್ದು 1972ರಲ್ಲಿ. ಲೋವರ್ ಪರೇಲಿನ ಒಂದು ಮುದ್ರಣಾಲಯದಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಒಂದು ಕೋಣೆಯಷ್ಟು ದೊಡ್ಡ ಕ್ಯಾಮರಾ ಇತ್ತು. ಅದರಲ್ಲಿ ತೆಗೆದ ಫಿಲ್ಮನ್ನು ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ ಹರಡಿ, ಧೂಳಿನಿಂದಾದ ಸಣ್ಣ ಸಣ್ಣ ತೂತುಗಳನ್ನು ಕುಂಚದಿಂದ ಕೆಂಪು ಬಣ್ಣ ಹಚ್ಚಿ ಮುಚ್ಚುವುದು ನನ್ನ ಕೆಲಸ. ದಿನಕ್ಕೆ ಎಂಟು ತಾಸು ಚುಕ್ಕೆ ಮುಚ್ಚುವುದು! ಊರಿಗೆ ಹೋದಾಗ "ಮುಂಬಯಿಯಲ್ಲಿ ಏನು ಕೆಲಸ?" ಎಂದು ಕೇಳಿದವರಿಗೆ ಇದನ್ನು ತಿಳಿಸಿ ಹೇಳುವ ಹೊತ್ತಿಗೆ ರಜೆ ಮುಗಿದುಹೋಗುತ್ತಿತ್ತು.

ನಮ್ಮ ವಿಭಾಗದಲ್ಲಿ ಒಬ್ಬ ವಯಸ್ಸಾದ ಮರಾಠಿ ಗೃಹಸ್ಥರಿದ್ದರು. ಎಲ್ಲರೂ ಅವರನ್ನು ಮಾಸ್ತರ ಎನ್ನುತ್ತಿದ್ದರು. ಮುದ್ರಣಾಲಯಕ್ಕೆ ಬರುವ ಮೊದಲು ಅವರು ಒಂದು ಫೋಟೋ ಸ್ಟುಡಿಯೋದಲ್ಲಿ ನೆಗೆಟಿವ್ ತಿದ್ದುತ್ತಿದ್ದವರು. ಪೆನ್ಸಿಲನ್ನು ಮರಳು ಕಾಗದದ ಮೇಲೆ ಉಜ್ಜಿ ಸೂಜಿಯಷ್ಟು ಚೂಪು ಮಾಡುವುದನ್ನು ಅವರಿಂದ ನೋಡಿ ಕಲಿಯಬೇಕಿತ್ತು. ನೆಗೆಟಿವ್ ಮೇಲೆ ಒಂದು ಬಗೆಯ ಅಂಟುದ್ರವ ಸವರಿದರೆ ಪೆನ್ಸಿಲ್ ಹಿಡಿಯುತ್ತದೆ. ಆಮೇಲೆ ಉಸಿರು ಬಿಗಿಹಿಡಿದು ಸಣ್ಣ ಸಣ್ಣ ಗೀರು. ನೆಗೆಟಿವ್‌ನಲ್ಲಿ ಕಪ್ಪು ಮಾಡಿದ್ದು ಫೋಟೋದಲ್ಲಿ ಬೆಳ್ಳಗಾಗುತ್ತದೆಯಾದ್ದರಿಂದ ಪೆನ್ಸಿಲ್ ಮಾಡಬಲ್ಲದ್ದು ಒಂದೇ: ಕಪ್ಪನ್ನು ತಿಳಿ ಮಾಡುವುದು. ಕಣ್ಣ ಕೆಳಗಿನ ನೆರಳು, ಹಣೆಯ ಗೆರೆ, ಮೊಡವೆ, ಕಲೆ, ಎಲ್ಲವೂ ತಿಳಿಯಾಗುತ್ತಿದ್ದವು. ತಿಳಿಯಾದದ್ದನ್ನು ಕಪ್ಪು ಮಾಡಬೇಕೆಂದರೆ ಚೂರಿಯ ತುದಿಯಿಂದ ನೆಗೆಟಿವನ್ನೇ ಕೆರೆಯಬೇಕು. ಕೈ ತಪ್ಪಿದರೆ ಮುಗಿಯಿತು. ಮಾಸ್ತರರು ಹೇಳುತ್ತಿದ್ದರು, ಸ್ಟುಡಿಯೋಕ್ಕೆ ಬರುವ ಯಾವ ಗಿರಾಕಿಯೂ "ತಿದ್ದಿ" ಎಂದು ಹೇಳುತ್ತಿರಲಿಲ್ಲವಂತೆ. ಹೇಳಬೇಕಾಗಿರಲಿಲ್ಲ. ತಿದ್ದದೆ ಕೊಟ್ಟರೆ ಮಾತ್ರ ಜಗಳವಾಡುತ್ತಿದ್ದರಂತೆ.

ಆದ್ದರಿಂದ ಈಗಿನ ಹುಡುಗರು "ಕಂಪ್ಯೂಟರ್ ಬಂದು ಫೋಟೋ ಸುಳ್ಳು ಹೇಳಲು ಕಲಿಯಿತು" ಎಂದರೆ ನನಗೆ ನಗು ಬರುತ್ತದೆ. ಫೋಟೋ ಹುಟ್ಟಿ ಬಹಳ ದಿನವಾಗುವ ಮೊದಲೇ ಅದನ್ನು ಕಲಿತಿತ್ತು. ಸ್ಟುಡಿಯೋದ ಗೂಟಕ್ಕೆ ತೂಗುಹಾಕಿರುತ್ತಿದ್ದ ಆ ಒಂದೇ ಕರಿ ಕೋಟು ಊರಿನ ಅರ್ಧ ಜನರ ಮೈಮೇಲೆ ಏರಿ ಇಳಿದದ್ದು ನಿಮಗೂ ನೆನಪಿರಬೇಕು.

ಕಂಪ್ಯೂಟರಿನಿಂದ ಆದದ್ದು ಬೇರೆ. ಫೋಟೋಶಾಪ್ ಮೊದಲು ಬಂದದ್ದು 1990ರಲ್ಲಿ. ನಮ್ಮ ಮುದ್ರಣಾಲಯಕ್ಕೆ ಅದು ಕಾಲಿಟ್ಟದ್ದು ಐದಾರು ವರ್ಷದ ನಂತರ. ಗಾಜಿನ ಮೇಜು ಹೋಯಿತು, ಕೋಣೆಯಂಥ ಕ್ಯಾಮರಾ ಗುಜರಿಗೆ ಹೋಯಿತು, ಮಾಸ್ತರರು ಅದಕ್ಕೂ ಮೊದಲೇ ನಿವೃತ್ತರಾಗಿದ್ದರು. ನಲವತ್ತು ದಾಟಿದ ನಾನು ಇಪ್ಪತ್ತರ ಹುಡುಗರ ಪಕ್ಕದಲ್ಲಿ ಕುಳಿತು ಮೌಸ್ ಹಿಡಿಯಲು ಕಲಿತೆ. ಆಗ ಒಂದು ಹೆಜ್ಜೆ ಮಾತ್ರ ಹಿಂದಕ್ಕೆ ಹೋಗಲು ಬರುತ್ತಿತ್ತು. ಎರಡನೆಯ ತಪ್ಪು ಮಾಡಿದಿರೋ, ಮೊದಲನೆಯದು ಶಾಶ್ವತ. 1998ರಲ್ಲಿ ಐದನೆಯ ಆವೃತ್ತಿ ಬಂದ ಮೇಲೆ ಹತ್ತಾರು ಹೆಜ್ಜೆ ಹಿಂದೆ ಹೋಗುವ ಅನುಕೂಲವಾಯಿತು. ಮೊದಲು ನಮಗಿದ್ದ ಮುಖ್ಯ ಆಯುಧ ರಬ್ಬರ್ ಸ್ಟ್ಯಾಂಪ್, ಈಗ ಅದನ್ನೇ ಕ್ಲೋನ್ ಸ್ಟ್ಯಾಂಪ್ ಎನ್ನುತ್ತಾರೆ. ಒಂದು ಕಡೆಯ ಚರ್ಮವನ್ನು ಎತ್ತಿ ಇನ್ನೊಂದು ಕಡೆ ಹಾಗೆಯೇ ಒತ್ತುವುದು. ಅಂಗಿಗೆ ತೇಪೆ ಹಾಕಿದಂತೆ. ಬಟ್ಟೆ ಹೊಂದದಿದ್ದರೆ ತೇಪೆ ಎದ್ದು ಕಾಣುತ್ತದೆ. 2002ರಲ್ಲಿ ಬಂದ ಹೀಲಿಂಗ್ ಬ್ರಶ್ಶಿನ ಜಾಣತನ ಬೇರೆ: ಅದು ನೇಯ್ಗೆಯನ್ನು ಅಲ್ಲಿಂದ ತರುತ್ತದೆ, ಬೆಳಕನ್ನೂ ಬಣ್ಣವನ್ನೂ ಇಲ್ಲಿಯದೇ ಇಟ್ಟುಕೊಳ್ಳುತ್ತದೆ. ತೇಪೆ ಎಲ್ಲಿ ಎಂದು ಹಾಕಿದವನಿಗೂ ಗೊತ್ತಾಗುವುದಿಲ್ಲ. 2010ರ ಹೊತ್ತಿಗೆ ಬೇಡವಾದದ್ದರ ಸುತ್ತ ಗೆರೆ ಎಳೆದರೆ ಆ ಜಾಗವನ್ನು ತಾನೇ ತುಂಬಿಸತೊಡಗಿತು. 2023ರಿಂದ ಬಾಯಿಮಾತಿನಲ್ಲಿ ಹೇಳಿದಂತೆ ಬರೆದು ಕೊಟ್ಟರೆ ಇಲ್ಲದ್ದನ್ನೂ ಸೃಷ್ಟಿಸಿ ಕೊಡುತ್ತಿದೆ.

ಇಷ್ಟೆಲ್ಲ ಬಂದ ಮೇಲೆ ಕೇಳುವವರೂ ಬೆಳೆದರು. ಗಂಡ ತೀರಿಕೊಂಡ ಒಬ್ಬ ತಾಯಿ, ಮಗಳ ಮದುವೆಯ ಫೋಟೋದಲ್ಲಿ ತನ್ನ ಪಕ್ಕದಲ್ಲಿ ಅವರನ್ನು ನಿಲ್ಲಿಸಿಕೊಡಲು ಸಾಧ್ಯವೇ ಎಂದು ಕೇಳಿದರು. ಮಾಡಿಕೊಟ್ಟೆ. ಬೆಳಕು ಎಡಗಡೆಯಿಂದ ಬೀಳುತ್ತಿತ್ತು, ಅವರ ಮುಖದ ಮೇಲೆ ಬಲಗಡೆಯಿಂದ. ಅದನ್ನು ಸರಿಮಾಡಲು ಮೂರು ದಿನ ಹಿಡಿಯಿತು. ಆ ತಾಯಿ ನೋಡಿದ್ದು ಮುಖವನ್ನು ಮಾತ್ರ, ಬೆಳಕನ್ನಲ್ಲ. ಇನ್ನೊಬ್ಬರು ಮನೆಯವರೆಲ್ಲರ ಫೋಟೋದಿಂದ ಬಿಟ್ಟುಹೋದ ಸೊಸೆಯನ್ನು ತೆಗೆಯಲು ಹೇಳಿದರು. ಅದನ್ನೂ ಮಾಡಿಕೊಟ್ಟೆ, ಮತ್ತು ಮಾಡಬಾರದಿತ್ತು ಎಂದು ಈಗಲೂ ಅನ್ನಿಸುತ್ತದೆ. ಅವಳ ಕೈ ಮಗುವಿನ ಹೆಗಲ ಮೇಲಿತ್ತು. ಕೈ ತೆಗೆದೆ. ಮಗು ಮಾತ್ರ ಆ ಕೈಯ ಕಡೆಗೆ ವಾಲಿಕೊಂಡೇ ನಿಂತಿದೆ.

ಸರಿ, ಈಗ ನಮ್ಮ ಮನೆಯ ಫೋಟೋಕ್ಕೆ ಬರುತ್ತೇನೆ.

ಅದು ಧಾರವಾಡದ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ಹಿಂದುಗಡೆ ಅಪ್ಪನ ಅಕ್ಷರದಲ್ಲಿ "ನವೆಂಬರ 1956" ಎಂದಿದೆ. ಏಕೀಕರಣವಾದ ತಿಂಗಳು. ಅಲ್ಲಿಯವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದ ಧಾರವಾಡ ಆ ತಿಂಗಳು ಮೈಸೂರು ರಾಜ್ಯಕ್ಕೆ ಸೇರಿತ್ತು. ಊರಿನಿಂದ ಮೆರವಣಿಗೆ ನೋಡಲು ಎಲ್ಲರನ್ನೂ ಕರೆದುಕೊಂಡು ಹೋಗಿದ್ದ ಅಪ್ಪ, ಹಾಗೆಯೇ ಸ್ಟುಡಿಯೋ ಹತ್ತಿಸಿರಬೇಕು. ಕುರ್ಚಿಯಲ್ಲಿ ಅವ್ವ. ಅವಳ ತೊಡೆಯ ಮೇಲೆ ನಾಲ್ಕು ವರ್ಷದ ನಾನು, ಅಳು ಈಗ ಬಂತೋ ಆಗ ಬಂತೋ ಎಂಬ ಮುಖ. ಪಕ್ಕದಲ್ಲಿ ಹನ್ನೆರಡು ವರ್ಷದ ಅಕ್ಕ, ಎರಡು ಜಡೆ ಮುಂದಕ್ಕೆ ಹಾಕಿಕೊಂಡು. ಅಪ್ಪ ಇಲ್ಲ. ದುಡ್ಡು ಕೊಡುವವನು ಹೊರಗೇ ನಿಂತನೋ ಏನೋ. ಅವ್ವ 1958ರಲ್ಲಿ ತೀರಿಕೊಂಡಳು. ಅವಳದೆಂದು ಇರುವ ಫೋಟೋ ಇದೊಂದೇ.

ನನಗೆ ಅವ್ವನ ಮುಖ ನೆನಪಿಲ್ಲ. ಈ ಮಾತನ್ನು ಬರೆಯಲು ಮನಸ್ಸು ಹಿಂಜರಿಯುತ್ತದೆ, ಆದರೆ ನಿಜ. ನನಗೆ ನೆನಪಿರುವುದು ಈ ಫೋಟೋ.

2005ರ ಜುಲೈ 26 ಮುಂಬಯಿಯಲ್ಲಿದ್ದ ಯಾರಿಗೂ ಮರೆಯುವುದಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಮೀಠಿ ನದಿ ಉಕ್ಕಿ ಕಲೀನಾ, ಕುರ್ಲಾಗಳೆಲ್ಲ ನೀರಿನಲ್ಲಿ ನಿಂತವು. ನಾನು ಆ ರಾತ್ರಿ ಮುದ್ರಣಾಲಯದಲ್ಲೇ ಕಾಗದದ ರೀಮುಗಳ ಮೇಲೆ ಮಲಗಿದ್ದೆ. ನೆಲಮಾಳಿಗೆಯ ನಮ್ಮ ಮನೆಗೆ ಸೊಂಟದವರೆಗೆ ನೀರು ನುಗ್ಗಿತು. ನನ್ನಾಕೆ ಮಕ್ಕಳನ್ನೂ ಗ್ಯಾಸ್ ಸಿಲಿಂಡರನ್ನೂ ರೇಶನ್ ಕಾರ್ಡನ್ನೂ ಮೇಲಿನ ಮನೆಯವರಲ್ಲಿಗೆ ಸಾಗಿಸಿದಳು. ಕಪಾಟಿನ ಮೇಲಿನ ಅರೆಯಲ್ಲಿ ಇನ್ಶೂರೆನ್ಸಿನ ಕಾಗದಗಳಿದ್ದವು, ಅವು ಒಣಗೇ ಉಳಿದವು. ಕೆಳಗಿನ ಅರೆಯಲ್ಲಿ ಆಲ್ಬಮ್ ಇತ್ತು. ಹಾಗೆ ಜೋಡಿಸಿಟ್ಟವನು ನಾನೇ.

ಮೂರನೆಯ ದಿನ ಆಲ್ಬಮ್ ತೆರೆದಾಗ ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎಳೆಯಬಾರದೆಂದು ಕಸುಬಿನಿಂದ ಗೊತ್ತಿತ್ತು. ಫೋಟೋದ ಮೇಲ್ಪದರು ಜಿಲೆಟಿನ್, ನೆಂದಾಗ ಉಬ್ಬಿ ಅಂಟಿನಂತಾಗಿರುತ್ತದೆ. ಬಕೆಟ್ಟಿನಲ್ಲಿ ಶುದ್ಧ ನೀರು ಹಾಕಿ ಅದರಲ್ಲಿ ತೇಲಬಿಟ್ಟು, ತಾವಾಗಿಯೇ ಬಿಡುವವರೆಗೆ ಕಾದೆವು. ಬಣ್ಣದ ಫೋಟೋಗಳು ಬಹುಪಾಲು ಹೋದವು, ಕಪ್ಪು-ಬಿಳುಪಿನವು ತಡೆದುಕೊಂಡವು. ಅವ್ವನ ಫೋಟೋ ಬಿಟ್ಟುಕೊಂಡು ಬಂತು, ಆದರೆ ಅಷ್ಟರಲ್ಲಿ ಬೂಷ್ಟು ಹಿಡಿದಿತ್ತು. ಅವ್ವನ ಎಡಗಲ್ಲದಿಂದ ನನ್ನ ತಲೆಯವರೆಗೆ ಬಿಳಿ ಚುಕ್ಕೆ, ಕಂದು ಕಲೆ. ನೆರಳಿನಲ್ಲಿ ಒಣಗಿಸಿ ಕವರಿನಲ್ಲಿ ಹಾಕಿಟ್ಟೆ. ಊರವರ ಫೋಟೋಗಳನ್ನೆಲ್ಲ ಸರಿಮಾಡಿದ ನಾನು ಅದೊಂದನ್ನು ಹತ್ತೊಂಬತ್ತು ವರ್ಷ ಮುಟ್ಟಲಿಲ್ಲ. ಪುರುಸೊತ್ತಿರಲಿಲ್ಲ ಎಂದು ಹೇಳಬಹುದು, ಆದರೆ ನಿವೃತ್ತನಾದದ್ದೇ 2010ರಲ್ಲಿ.

2024ರಲ್ಲಿ ಧಾರವಾಡದ ಅಕ್ಕನಿಗೆ ಎಂಬತ್ತು ತುಂಬಿತು. ಅವಳ ಮಕ್ಕಳು ಸಮಾರಂಭ ಇಟ್ಟುಕೊಂಡಿದ್ದರು. ಏನು ಕೊಡಬೇಕೆಂದು ಯೋಚಿಸುವಾಗ ಆ ಕವರ್ ನೆನಪಾಯಿತು.

ಮೊದಲು ಕೈಹಾಕಿದವನು ಮೊಮ್ಮಗ. "ಅಜ್ಜಾ, ಇದಕ್ಕೆ ಅಷ್ಟು ಯೋಚನೆ ಯಾಕೆ?" ಎಂದವನೇ ಮೊಬೈಲಿನಲ್ಲಿ ಫೋಟೋದ ಫೋಟೋ ತೆಗೆದು ಯಾವುದೋ ಆ್ಯಪ್‌ಗೆ ಕೊಟ್ಟ. ಹತ್ತು ಸೆಕೆಂಡಿನಲ್ಲಿ ಬಂತು ನೋಡಿ! ಬೂಷ್ಟಿಲ್ಲ, ಬಿರುಕಿಲ್ಲ, ಬಣ್ಣ ಬೇರೆ ತುಂಬಿದೆ. ಗಲ್ಲ ಮೇಣದಂತೆ ನುಣುಪು. ಕಣ್ಣಿನ ರೆಪ್ಪೆಗಳನ್ನು ಒಂದೊಂದಾಗಿ ಎಣಿಸಬಹುದು. ಬಹಳ ಚೆಲುವಾದ ಹೆಂಗಸು. ನನ್ನಾಕೆ ಹತ್ತಿರ ಬಂದು ಕನ್ನಡಕ ಸರಿಮಾಡಿಕೊಂಡು ನೋಡಿ, "ಅತ್ತೆಯವರ ಮೂಗುಬಟ್ಟು ಎಲ್ಲಿ?" ಎಂದಳು. ಇರಲಿಲ್ಲ. ಮೂಗಿನ ಮೇಲೆ ಹೊಳೆಯುವ ಒಂದು ಬಿಳಿ ಚುಕ್ಕೆ. ಯಂತ್ರ ಅದನ್ನೂ ಬೂಷ್ಟಿನ ಲೆಕ್ಕಕ್ಕೆ ಸೇರಿಸಿ ಒರೆಸಿ ಹಾಕಿತ್ತು. ಗಂಡ ಬದುಕಿದ್ದ ಹೆಂಗಸಿನ ಮೂಗು ಬೋಳಾಗಿತ್ತು. ಮೊಮ್ಮಗ ಸುಮ್ಮನಾದ. ಪಾಪ, ಅವನ ತಪ್ಪಲ್ಲ.

ಆ್ಯಪ್‌ನ ತಪ್ಪೂ ಅಲ್ಲ ಎನ್ನಿ. ಅದಕ್ಕೆ ಲಕ್ಷಗಟ್ಟಲೆ ಮುಖಗಳನ್ನು ತೋರಿಸಿ ಮುಖವೆಂದರೆ ಹೀಗೆ ಎಂದು ಕಲಿಸಿರುತ್ತಾರೆ. ಕಾಣದ ಕಡೆ ಅದು ಅವ್ವನ ಮುಖವನ್ನು ಹುಡುಕುವುದಿಲ್ಲ, ಮುಖವೊಂದನ್ನು ಊಹಿಸಿ ಬರೆಯುತ್ತದೆ. ಇನ್ನೊಂದು ಮಾತು ನನಗೆ ಆಮೇಲೆ ಹೊಳೆಯಿತು. ಅವ್ವನಿಗೆ ಸಣ್ಣವಳಿದ್ದಾಗ ಸಿಡುಬು ಬಂದಿತ್ತು, ನಮ್ಮ ಕಡೆ ಮೈಲಿ ಬ್ಯಾನಿ ಎನ್ನುತ್ತಾರೆ. ಮುಖದ ತುಂಬ ಕಲೆ ಇದ್ದವೆಂದು ಸೋದರತ್ತೆ ಆಡಿದ್ದು ಕೇಳಿದ್ದೆ. ಭಾರತದಲ್ಲಿ 1975ರ ನಂತರ ಆ ರೋಗ ಹುಟ್ಟಿಲ್ಲ. 1980ರಲ್ಲಿ ಜಗತ್ತಿನಿಂದಲೇ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ನಮ್ಮ ಚಿಕ್ಕಂದಿನಲ್ಲಿ ಪ್ರತಿ ಓಣಿಯಲ್ಲೂ ಅಂಥ ನಾಲ್ಕು ಮುಖ ಇರುತ್ತಿದ್ದವು. ನನ್ನ ಮೊಮ್ಮಗ ಒಂದನ್ನೂ ನೋಡಿಲ್ಲ. ಅವನ ಮೊಬೈಲಿಗೆ ಕಲಿಸಿದ ಮುಖಗಳಲ್ಲಿ ಅಂಥವು ಎಷ್ಟು ಇದ್ದಾವು?

ಹಾಗಾಗಿ ನಾನೇ ಕುಳಿತೆ. ಇಲ್ಲಿ ಕೆಲವು ಕಸುಬಿನ ಮಾತು ಹೇಳುತ್ತೇನೆ, ಮನೆಯಲ್ಲಿ ಹಳೆಯ ಫೋಟೋ ಇದ್ದವರಿಗೆ ಉಪಯೋಗವಾದೀತು. ಮೊಬೈಲಿನಲ್ಲಿ ಫೋಟೋ ಹೊಡೆಯಬೇಡಿ, ಸ್ಕ್ಯಾನ್ ಮಾಡಿಸಿ. ನಮ್ಮದು ಕ್ಯಾಬಿನೆಟ್ ಸೈಜಿನ ಫೋಟೋ, ಅದರಲ್ಲಿ ಅವ್ವನ ಮುಖ ಮುಕ್ಕಾಲು ಇಂಚು. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ತೆಗೆದರೆ ಮುಖಕ್ಕೆ ಸಿಗುವುದು 225 ಚುಕ್ಕೆ. 1200ರ ಲೆಕ್ಕದಲ್ಲಿ ತೆಗೆದರೆ 900. ಜೆಪೆಗ್ ಆಗಿ ಇಡಬೇಡಿ, ಟಿಫ್ ಆಗಿ ಇಡಿ. ಜೆಪೆಗ್ ಜಾಗ ಉಳಿಸಲೆಂದು ಸಣ್ಣಪುಟ್ಟದ್ದನ್ನು ಬಿಟ್ಟುಬಿಡುತ್ತದೆ, ನಮಗೆ ಬೇಕಾದದ್ದೇ ಸಣ್ಣಪುಟ್ಟದ್ದು. ಮತ್ತು ಕಪ್ಪು-ಬಿಳುಪಿನ ಫೋಟೋವನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿಸಬೇಕು. ಅಂಗಡಿಯವನು ನಿಮ್ಮನ್ನು ವಿಚಿತ್ರವಾಗಿ ನೋಡಬಹುದು, ನೋಡಲಿ.

ಯಾಕೆಂದರೆ ಬಣ್ಣದ ಚಿತ್ರವನ್ನು ಕಂಪ್ಯೂಟರ್ ಕೆಂಪು, ಹಸಿರು, ನೀಲಿ ಎಂದು ಮೂರು ಪದರಾಗಿ ಇಟ್ಟುಕೊಂಡಿರುತ್ತದೆ. ಫೋಟೋದ ಕಪ್ಪು ಎಂದರೆ ಬೆಳ್ಳಿ, ಅದು ಮೂರರಲ್ಲೂ ಒಂದೇ ತೆರನಾಗಿ ಕಾಣುತ್ತದೆ. ನೀರಿನ ಕಂದು ಕಲೆ ಹಾಗಲ್ಲ. ಹಳದಿ ಮಿಶ್ರಿತವಾದ ಅದು ನೀಲಿಯ ಪದರಿನಲ್ಲಿ ಢಾಳಾಗಿ ಕಾಣುತ್ತದೆ, ಕೆಂಪಿನ ಪದರಿನಲ್ಲಿ ಬಹುಮಟ್ಟಿಗೆ ಮಾಯವಾಗುತ್ತದೆ. ನಾನು ನೀಲಿಯನ್ನು ಮುಚ್ಚಿ ಕೆಂಪನ್ನು ಮಾತ್ರ ತೆರೆದೆ. ಒಂದೇ ಒಂದು ಕ್ಲಿಕ್ಕಿಗೆ ಪ್ರವಾಹದ ಅರ್ಧ ನೀರು ಇಳಿದಂತಾಯಿತು. ಅವ್ವನ ಮುಖದ ಮೇಲೆ ಉಳಿದದ್ದು ಒಂದೋ ಬೂಷ್ಟು ತಿಂದು ಹಾಕಿದ ಬಿಳಿಯ ಗುಳಿಗಳು, ಇಲ್ಲವೇ ಬೆಳ್ಳಿಯಲ್ಲೇ ಮೂಡಿದ್ದು. ಎಂದರೆ ಅವಳದ್ದೇ.

ಆಮೇಲೆ ಮೂಲ ಫೋಟೋವನ್ನೇ ಕೈಯಲ್ಲಿ ಓರೆಯಾಗಿ ಹಿಡಿದು, ಟೇಬಲ್ ಲ್ಯಾಂಪಿನ ಬೆಳಕು ಪಕ್ಕದಿಂದ ಬೀಳುವಂತೆ ಮಾಡಿ ನೋಡಿದೆ. ಬೂಷ್ಟು ತಿಂದ ಕಡೆ ಕಾಗದದ ಹೊಳಪು ಸತ್ತಿರುತ್ತದೆ. ಸಿಡುಬಿನ ಕಲೆ ಇದ್ದ ಕಡೆ ಹೊಳಪು ಹಾಗೆಯೇ ಇರುತ್ತದೆ, ಕಲೆ ಇರುವುದು ಕಾಗದದ ಮೇಲಲ್ಲ, ಚಿತ್ರದೊಳಗೆ. ಹೀಗೆ ಒಂದೊಂದೇ ಚುಕ್ಕೆಯನ್ನು ಪರದೆಯ ಮೇಲೂ ಕೈಯಲ್ಲೂ ಹೋಲಿಸಿ ನೋಡಿ, ಪ್ರವಾಹದ್ದು, ಅವ್ವನದು ಎಂದು ಗುರುತು ಹಾಕುತ್ತ ಹೋದೆ. ಎರಡು ದಿನ ಹಿಡಿಯಿತು.

ಎರಡನೆಯ ದಿನ ಸಂಜೆ, ಬಲಗಲ್ಲವನ್ನು ಬಹಳ ದೊಡ್ಡದು ಮಾಡಿ ನೋಡುತ್ತಿದ್ದಾಗ ನನಗೆ ಪರಿಚಿತವಾದದ್ದೊಂದು ಕಂಡಿತು. ಕೂದಲೆಳೆಯಷ್ಟು ಸಣ್ಣ, ಅಲ್ಪವಿರಾಮ ಚಿಹ್ನೆಯಂಥ ಬಿಳಿಯ ಗೀರುಗಳು. ಒಂದರ ಪಕ್ಕ ಒಂದು, ಒಂದೇ ದಿಕ್ಕಿಗೆ. ಪೆನ್ಸಿಲ್! ನಮ್ಮ ಮಾಸ್ತರರ ಕೈಯ ಗೀರುಗಳು ಹೀಗೆಯೇ ಇರುತ್ತಿದ್ದವು. 1956ರಲ್ಲಿ ಧಾರವಾಡದ ಯಾವನೋ ಒಬ್ಬ ಕಸುಬುಗಾರ ನೆಗೆಟಿವಿನ ಮೇಲೆ ಬಗ್ಗಿ ಕುಳಿತು, ಉಸಿರು ಬಿಗಿಹಿಡಿದು, ಅವ್ವನ ಗಲ್ಲದ ಕಲೆಗಳನ್ನು ಒಂದೊಂದಾಗಿ ತುಂಬಿದ್ದ. ಬಲಗಡೆ ಹೆಚ್ಚು, ಎಡಗಡೆ ಕಡಿಮೆ. ಆ ಕಡೆಗೆ ನೆರಳಿದೆ, ಅಷ್ಟು ಕಾಣುವುದಿಲ್ಲವೆಂದು ಬಿಟ್ಟಿರಬೇಕು. ಒಳ್ಳೆಯ ಕೈ. ಆ ಎಪ್ಪತ್ತು ವರ್ಷದ ಹಿಂದಿನ ನನ್ನ ಜೊತೆಗಾರನಿಗೆ ಮನಸ್ಸಿನಲ್ಲೇ ಕೈಮುಗಿದೆ. ಆದರೆ ಹೊಟ್ಟೆಯಲ್ಲಿ ಏನೋ ತಣ್ಣಗಾಯಿತು. ಅವ್ವನ ಮುಖವೆಂದು ನಾನು ಇಷ್ಟು ವರ್ಷ ನೋಡಿದ್ದು ಅವನು ತಿದ್ದಿದ ಮುಖ.

ಅಕ್ಕನಿಗೆ ಅನಿರೀಕ್ಷಿತವಾಗಿ ಕೊಡಬೇಕೆಂದಿದ್ದರೂ ತಡೆಯಲಾರದೆ ಫೋನ್ ಮಾಡಿದೆ. ಅವಳ ಮೊಮ್ಮಗಳು ಮೊಬೈಲ್ ಹಿಡಿದು ಎದುರಿಗೆ ಕೂರಿಸಿದಳು. ನಾನು ಪೆನ್ಸಿಲಿನ ವಿಷಯ ಹೇಳಿದೆ. ಅಕ್ಕನಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಅವ್ವ ಫೋಟೋಕ್ಕ ಒಲ್ಲೆ ಅಂತ ಕುಂತಿದ್ಲೋ. ಸ್ಟುಡಿಯೋದಾವ ಅಂದ, ಅಕ್ಕಾರ, ನೀವೇನೂ ಕಾಳಜಿ ಮಾಡಬ್ಯಾಡ್ರಿ, ನಾ ಎಲ್ಲಾ ಚಲೋ ಮಾಡಿ ಕೊಡತೇನಿ ಅಂದ. ಆಮ್ಯಾಲ ಕುಂತ್ಲು."

"ಫೋಟೋ ಬಂದ ಮ್ಯಾಲ ಏನಂದ್ಲು?"

ಅಕ್ಕ ಸ್ವಲ್ಪ ಹೊತ್ತು ಯೋಚಿಸಿದಳು. "ಏನೂ ಅನಲಿಲ್ಲ. ಟ್ರಂಕಿನಾಗ ಸೀರಿ ಕೆಳಗ ಇಟ್ಟಿದ್ಲು. ಮಧ್ಯಾಹ್ನ ಯಾರೂ ಇಲ್ಲದಾಗ ತಗದು ನೋಡತಿದ್ಲು. ಒಂದ ಕೈ ಫೋಟೋದ ಮ್ಯಾಲ, ಒಂದ ಕೈ ತನ್ನ ಗಲ್ಲದ ಮ್ಯಾಲ. ನಾ ಬಾಗಲದಾಗ ನಿಂತು ನೋಡೇನಿ."

ನಾನು ಮಾತಾಡಲಿಲ್ಲ. ಅಕ್ಕನೇ ಮುಂದುವರಿಸಿದಳು. "ನೀ ಈಗ ಅದನ್ನೆಲ್ಲಾ ತಗದು ಹಾಕಿಬಿಡು ತಮ್ಮಾ. ಅಂವ ಅರ್ಧ ಮಾಡ್ಯಾನ, ನೀ ಪೂರಾ ಮಾಡು. ನಿನ್ನ ಮಶಿನ್ಯಾಗ ಆಗತದಲ್ಲ? ಅಕಿಗೆ ಅದ ಬೇಕಾಗಿತ್ತು."

ಆಗುತ್ತದೆ. ಹತ್ತು ನಿಮಿಷದ ಕೆಲಸ. ನನಗೆ ಮನಸ್ಸು ಬರಲಿಲ್ಲ. ಅಕ್ಕನ ಮಾತಿನಲ್ಲಿ ತಪ್ಪಿಲ್ಲ. ಫೋಟೋ ಅವ್ವನದು, ಹೇಗೆ ಕಾಣಬೇಕೆಂಬ ಇಷ್ಟವೂ ಅವಳದೇ. ಆದರೆ ಅಕ್ಕನಿಗೆ ನಿಜವಾದ ಮುಖ ಕಣ್ಣಿಗೆ ಕಟ್ಟಿದೆ, ಅವಳು ಫೋಟೋವನ್ನು ಎಷ್ಟು ಬೇಕಾದರೂ ಚಂದ ಮಾಡಿಸಿಕೊಳ್ಳಬಹುದು. ನನಗೆ ಇರುವುದೇ ಇದು. ಇದರಲ್ಲಿ ಉಳಿದಿರುವ ನಾಲ್ಕು ಕಲೆಗಳನ್ನೂ ಒರೆಸಿದರೆ ನನ್ನ ಪಾಲಿಗೆ ಏನು ಉಳಿಯಿತು? ವಾಚಕರೇ, ನೀವು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರೋ ನನಗೆ ತಿಳಿಯದು. ಅಕ್ಕನಿಗೆ ಹೂಂ ಎಂದೂ ಹೇಳದೆ ಊಹೂಂ ಎಂದೂ ಹೇಳದೆ ಫೋನ್ ಇಟ್ಟೆ.

ಕಡೆಗೆ ಹೀಗೆ ಮಾಡಿದೆ. 2005ರ ಮಳೆ ಮಾಡಿದ್ದನ್ನು ಮಾತ್ರ ತೆಗೆಯುವುದು. 1956ರ ಪೆನ್ಸಿಲ್ ಅವ್ವನಿಗೂ ಆ ಸ್ಟುಡಿಯೋದವನಿಗೂ ಆದ ಒಪ್ಪಂದ, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ, ಅಳಿಸುವುದಿಲ್ಲ, ಮುಂದುವರಿಸುವುದೂ ಇಲ್ಲ. ಪೆನ್ಸಿಲ್ ತಪ್ಪಿಸಿಕೊಂಡು ಉಳಿದ ಕಲೆಗಳು ಇರಲಿ. ಮೂಲ ಸ್ಕ್ಯಾನನ್ನು ಮುಟ್ಟದೆ ಅದರ ಮೇಲೆ ಗಾಜಿನ ಹಾಳೆಯಂತೆ ಒಂದು ಖಾಲಿ ಲೇಯರ್ ಹಾಸಿ, ತಿದ್ದುಪಡಿಯೆಲ್ಲ ಅದರ ಮೇಲೆ ಮಾಡಿದೆ. ಇದನ್ನು ನೀವೂ ನೆನಪಿಡಿ, ಯಾರಾದರೂ ನಿಮ್ಮ ಫೋಟೋ ತಿದ್ದುವಾಗ ಮೂಲವನ್ನೇ ಕೆತ್ತಲು ಬಿಡಬೇಡಿ.

ಎಷ್ಟು ಶೋಧಿಸಿದರೂ ಒಂಬತ್ತು ಚುಕ್ಕೆಗಳು ಮಾತ್ರ ಯಾವ ಪಂಗಡಕ್ಕೂ ಸೇರಲಿಲ್ಲ. ಅಲ್ಲಿ ಬೂಷ್ಟೂ ಇತ್ತು, ಅದರಡಿಯಲ್ಲಿ ನೆರಳಿನಂಥದ್ದೂ ಇತ್ತು. ಅಕ್ಕನನ್ನು ಕೇಳಬಹುದಿತ್ತು. ಕೇಳಿದರೆ ಮತ್ತೆ "ಎಲ್ಲಾ ತಗಿ" ಎನ್ನುತ್ತಾಳೆಂದು ಕೇಳಲಿಲ್ಲ. ನಲವತ್ತು ವರ್ಷದ ಅನುಭವವಿದೆಯಲ್ಲ ಎಂಬ ಧೈರ್ಯದಲ್ಲಿ ಮೂರನ್ನು ಅವ್ವನದೆಂದು ಉಳಿಸಿದೆ, ಆರನ್ನು ಮಳೆಯದೆಂದು ತುಂಬಿದೆ. ಮೂಗುಬಟ್ಟನ್ನು ಮುಟ್ಟಲಿಲ್ಲ. ನನ್ನ ತಲೆಯ ಮೇಲಿನ ಬೂಷ್ಟನ್ನು ಕ್ಲೋನ್ ಸ್ಟ್ಯಾಂಪಿನಿಂದ ಬೇಗ ಬೇಗ ಮುಗಿಸಿದೆ, ಅಲ್ಲಿ ಕೂದಲು ಸ್ವಲ್ಪ ಹೆಚ್ಚಾಗಿಯೇ ಬಂದಿದ್ದರೆ ಕ್ಷಮೆಯಿರಲಿ. ಮುದ್ರಣಕ್ಕೆ ಕೊಡುವ ಮೊದಲು ಒಮ್ಮೆ ನೋಡಲೆಂದು ಅಕ್ಕನ ಮೊಮ್ಮಗಳ ಮೊಬೈಲಿಗೆ ಕಳಿಸಿದೆ.

ಅರ್ಧ ತಾಸಿಗೆ ಫೋನ್ ಬಂತು. ಕಲೆಗಳನ್ನು ಬಿಟ್ಟದ್ದಕ್ಕೆ ಬೈಗುಳ ಎಂದುಕೊಂಡೇ ಎತ್ತಿದೆ.

"ತಮ್ಮಾ, ಎಡಗಣ್ಣಿನ ಕೆಳಗಿಂದು ಎಲ್ಲಿ ಹೋತು?"

"ಯಾವುದಕ್ಕಾ?"

"ಅದ, ಆಳಾಂದು. ಬಟಾಣಿ ಕಾಳಿನಷ್ಟ ಇತ್ತಲ್ಲ. ಅದ ಇಲ್ಲಲ್ಲೋ ಇದರಾಗ?"

"ನೀನ ಎಲ್ಲಾ ತಗಿ ಅಂದಿದ್ದೆಲ್ಲ."

"ಅಂದಿದ್ದೆ," ಎಂದಳು ಅಕ್ಕ. ಆ ಕಡೆ ಸ್ವಲ್ಪ ಹೊತ್ತು ಬರೇ ಫ್ಯಾನಿನ ಸದ್ದು. "ನಿನಗ ನೆನಪಿಲ್ಲೇನು? ನೀ ಕೂಸಿದ್ದಾಗ ಅದರಾಗ ಬೆರಳ ಇಟಗೊಂಡ ಮಲಗತಿದ್ದಿ. ಬೆರಳ ತಗದ್ರ ಎಚ್ಚರಾಗಿ ಅಳತಿದ್ದಿ. ಅಕಿ ಕುತಗಿ ಬ್ಯಾನಿ ಬಂದರೂ ಹಂಗ ಒಂದ ಮಗ್ಗಲಾ ಮಲಗಿರತಿದ್ಲು."

ನನಗೆ ನೆನಪಿರಲಿಲ್ಲ. ಈಗಲೂ ಇಲ್ಲ.

ಫೋನ್ ಇಟ್ಟು ಮತ್ತೆ ಕಂಪ್ಯೂಟರ್ ಹಚ್ಚಿದೆ. ಮೇಲಿನ ಲೇಯರನ್ನು ತೆರೆದು, ಎಡಗಣ್ಣಿನ ಕೆಳಗೆ ನಾನು ತುಂಬಿದ್ದ ಆ ಒಂದು ಚುಕ್ಕೆಯಷ್ಟನ್ನು ಅಳಿಸಿದೆ. ಕೆಳಗಿನಿಂದ ಅದು ಮೇಲೆ ಬಂತು. ಬೂಷ್ಟೂ ಅದರ ಜೊತೆಗೇ ಬಂತು, ಅದನ್ನು ಅಂಚಿನಲ್ಲಿ ಮಾತ್ರ ಸಾಧ್ಯವಾದಷ್ಟು ತೆಗೆದೆ. ಉಳಿದ ಐದನ್ನೂ ಒಂದೊಂದಾಗಿ ಅಕ್ಕನಿಗೆ ತೋರಿಸಿ ಕೇಳಿದೆ. ಎರಡು ಮಳೆಯದು ಹೌದೆಂದಳು. ಎರಡು ಅವ್ವನದೆಂದಳು. ಇನ್ನೊಂದನ್ನು ಬಹಳ ಹೊತ್ತು ನೋಡಿ, "ಇದು ನನಗೂ ಗೊತ್ತಾಗವಲ್ದು, ಇರಲಿ ಬಿಡು" ಎಂದಳು. ಇರಲು ಬಿಟ್ಟೆ.

ಸಮಾರಂಭಕ್ಕೆ ನಾವು ಹೋಗಿ ಕೊಟ್ಟೆವು. ಅಳಿಯ ಅದನ್ನು ಗೋಡೆಯ ತುಂಬ ದೊಡ್ಡದು ಮಾಡಿಸೋಣವೆಂದಾಗ ಅಕ್ಕ ಬೇಡವೆಂದಳು, ಟ್ರಂಕಿನಲ್ಲಿ ಇದ್ದಷ್ಟೇ ಅಳತೆಯಲ್ಲಿ ಇರಲಿ ಎಂದು ಹಟ ಹಿಡಿದಳು. ಅದರಂತೆ ಕ್ಯಾಬಿನೆಟ್ ಸೈಜಿನಲ್ಲೇ ಎರಡು ಪ್ರತಿ, ಅವಳಿಗೊಂದು, ನನಗೊಂದು. ಗಾಜು ಫೋಟೋಕ್ಕೆ ತಾಗದಂತೆ ನಡುವೆ ದಪ್ಪ ಕಾಗದದ ಅಂಚು ಹಾಕಿಸಿದ್ದೇನೆ. ಮೂಲ ಫೋಟೋ ನಮ್ಮ ಕಲೀನಾದ ಮನೆಯಲ್ಲೇ ಇದೆ. ನಾವು ಈಗಲೂ ನೆಲಮಾಳಿಗೆಯಲ್ಲೇ ಇರುವುದರಿಂದ ಅದನ್ನು ಕಪಾಟಿನ ಮೇಲಿನ ಅರೆಗೆ ಏರಿಸಿ, ಇನ್ಶೂರೆನ್ಸಿನ ಕಾಗದಗಳನ್ನು ಕೆಳಗಿನ ಅರೆಗೆ ಇಳಿಸಿದ್ದೇನೆ.